ದೋಣಿಯಲ್ಲಿ ಕೂತು ಹೊಳೆ ನೋಡಿದವನು

ಇವತ್ತಿನ ಮಾತು ಒಂದು ಚಿತ್ರದಿಂದ ಶುರುವಾಗುತ್ತದೆ. ರೇಡಿಯೋದಲ್ಲಿ ಚಿತ್ರ ತೋರಿಸಲು ಬರುವುದಿಲ್ಲ. ನೀವೇ ಮನಸ್ಸಿನಲ್ಲಿ ಬಿಡಿಸಿಕೊಳ್ಳಬೇಕು.

ಅಗಲವಾದ ಒಂದು ಹೊಳೆ. ಹೊಳೆಯಲ್ಲಿ ಒಂದು ದೋಣಿ. ದೋಣಿಯ ಮೇಲೆ ಹಲಗೆಯಲ್ಲಿ ಕಟ್ಟಿದ ಪುಟ್ಟ ಕೋಣೆ. ಕೋಣೆಯ ಮುಂದೆ ಬಟ್ಟೆಯ ಮೇಲ್ಕಟ್ಟು. ಅದರ ನೆರಳಿನಲ್ಲಿ ಹುಲ್ಲಿನ ಟೋಪಿ ಹಾಕಿಕೊಂಡ ಒಬ್ಬ ಗಡ್ಡದ ಮನುಷ್ಯ ಕೂತಿದ್ದಾನೆ. ಕೈಯಲ್ಲಿ ಕುಂಚ, ಎದುರಿಗೆ ಕ್ಯಾನ್ವಾಸು. ಕೋಣೆಯ ಬಾಗಿಲಲ್ಲಿ ಅವನ ಹೆಂಡತಿ ಕೂತಿದ್ದಾಳೆ. ದೂರದ ದಂಡೆಯಲ್ಲಿ ಕಾರ್ಖಾನೆಗಳ ಚಿಮಣಿ, ಹೊಗೆ.

ಈ ಚಿತ್ರ ಬರೆದದ್ದು 1874ರ ಬೇಸಿಗೆಯಲ್ಲಿ. ಬರೆದವನ ಹೆಸರು ಮಾನೆ, ಎದ್ವಾರ್ ಮಾನೆ. ಚಿತ್ರದಲ್ಲಿ ಕೂತವನ ಹೆಸರು ಮೊನೆ, ಕ್ಲಾಡ್ ಮೊನೆ. ಇಬ್ಬರೂ ಫ್ರಾನ್ಸ್ ದೇಶದವರು, ಇಬ್ಬರೂ ಚಿತ್ರಗಾರರು. ಹೆಸರು ಒಂದೇ ಥರ ಕೇಳಿಸುತ್ತದೆ, ಗೊಂದಲ ಬೇಡ. ನಮ್ಮ ಮಾತೆಲ್ಲ ದೋಣಿಯಲ್ಲಿ ಕೂತವನ ಬಗ್ಗೆ. ಮೊನೆ ಹುಟ್ಟಿದ್ದು 1840ರಲ್ಲಿ, ತೀರಿಕೊಂಡದ್ದು 1926ರಲ್ಲಿ. ಇಂಪ್ರೆಷನಿಸ್ಟ್ ಎಂಬ ಚಿತ್ರಗಾರರ ಗುಂಪಿಗೆ ಆ ಹೆಸರು ಬಂದದ್ದೇ ಆತನ ಒಂದು ಚಿತ್ರದಿಂದ.

ಚಿತ್ರ ಬರೆಯುವವನಿಗೆ ದಂಡೆಯ ಮೇಲೆ ಬೇಕಾದಷ್ಟು ಜಾಗವಿತ್ತು. ನೆರಳಿತ್ತು. ಕಾಲ ಕೆಳಗೆ ಗಟ್ಟಿ ನೆಲವಿತ್ತು. ಅದನ್ನು ಬಿಟ್ಟು ಅಲ್ಲಾಡುವ ದೋಣಿಯಲ್ಲಿ ಯಾಕೆ ಕೂತ? ಈ ಪ್ರಶ್ನೆ ಹಿಡಿದುಕೊಂಡು ಹೊರಡೋಣ. ಉತ್ತರ ಹುಡುಕಲು ನಮ್ಮ ತುಂಗಭದ್ರೆಯೂ ನೆರವಿಗೆ ಬರುತ್ತಾಳೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಕಾಗಿನೆಲೆ ಕಡೆಯ ಕೇಳುಗರಿಗೆ ಈ ಪಾಠದ ಅರ್ಧ ಭಾಗ ಆಗಲೇ ಗೊತ್ತಿದೆ.

ಮೊದಲು ಊರು. ಪ್ಯಾರಿಸ್ ನಗರದಿಂದ ಸುಮಾರು ಹತ್ತು ಕಿಲೋಮೀಟರು ದೂರದಲ್ಲಿ ಅರ್ಜಾಂತೈ ಎಂಬ ಊರಿದೆ. ಸೇನ್ ನದಿಯ ದಂಡೆಯ ಊರು. ನದಿ ಅಲ್ಲಿ ಅಗಲವಾಗಿದೆ, ಆಳವಾಗಿದೆ. ಹಾಯಿದೋಣಿ ಓಡಿಸಲು ಹೇಳಿ ಮಾಡಿಸಿದ ಜಾಗ. 1850ರ ಆಸುಪಾಸಿನಲ್ಲಿ ರೈಲು ಬಂತು. ಪ್ಯಾರಿಸಿನಿಂದ ಕಾಲು ಗಂಟೆಯ ದಾರಿ. ಭಾನುವಾರ ಬಂದರೆ ಪಟ್ಟಣದ ಜನ ರೈಲು ಹತ್ತಿ ಬರುತ್ತಿದ್ದರು. ದೋಣಿ ಪಂದ್ಯ ನಡೆಯುತ್ತಿತ್ತು. ಬಿಳಿ ಹಾಯಿಗಳಿಂದ ಹೊಳೆ ತುಂಬುತ್ತಿತ್ತು.

1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧವಾಯಿತು. ಮೊನೆ ಹೆಂಡತಿ ಮಗುವಿನ ಜೊತೆ ಲಂಡನ್ನಿಗೆ ಹೋದ. ಅಲ್ಲಿಂದ ಹಾಲೆಂಡ್. ಯುದ್ಧ ಮುಗಿದ ಮೇಲೆ, 1871ರ ಕೊನೆಗೆ, ಅರ್ಜಾಂತೈಗೆ ಬಂದು ಮನೆ ಹಿಡಿದ. ಊರಿನ ಎರಡು ಸೇತುವೆಗಳು ಯುದ್ಧದಲ್ಲಿ ಮುರಿದಿದ್ದವು. ದುರಸ್ತಿ ನಡೆಯುತ್ತಿತ್ತು. ಆತ ಬಂದವನೇ ಅದನ್ನೂ ಚಿತ್ರ ಬರೆದ. ಒಟ್ಟು ಆರು ವರ್ಷದ ಮೇಲೆ ಆ ಊರಿನಲ್ಲಿದ್ದ. ದೋಣಿ ಕೊಂಡದ್ದು ಬಂದ ಒಂದೆರಡು ವರ್ಷದಲ್ಲೇ. ಚಿತ್ರಗಳು ಮಾರಾಟವಾಗಿ ಕೈಯಲ್ಲಿ ಸ್ವಲ್ಪ ಕಾಸು ಓಡಾಡುತ್ತಿದ್ದ ಕಾಲ ಅದು. ದೋಣಿಯ ಕೋಣೆಯಲ್ಲಿ ಚಿತ್ರದ ಸ್ಟ್ಯಾಂಡು ನಿಲ್ಲಿಸುವಷ್ಟು ಮಾತ್ರ ಜಾಗವಿತ್ತು.

ಈ ಉಪಾಯ ಮೊನೆಯದೇ ಏನಲ್ಲ. ಆತನಿಗಿಂತ ಹಿರಿಯನಾದ ದೊಬಿನ್ಯಿ ಎಂಬ ಚಿತ್ರಗಾರ 1857ರಲ್ಲೇ ಒಂದು ದೋಣಿ ಕೊಂಡು ಅದರಲ್ಲಿ ಚಿತ್ರಶಾಲೆ ಮಾಡಿಕೊಂಡಿದ್ದ. ನದಿಯುದ್ದಕ್ಕೂ ಊರೂರು ಸುತ್ತಿ ಚಿತ್ರ ಬರೆದಿದ್ದ. ಹಿರಿಯ ತೋರಿಸಿದ ದಾರಿಯಲ್ಲಿ ಕಿರಿಯ ಹೋದ. ಆದರೆ ಹಿರಿಯನಿಗಿಂತ ಬಹಳ ಮುಂದೆ ಹೋದ.

ಇಲ್ಲಿಯವರೆಗೆ ಮೂರು ಸಂಗತಿ ಬಂದವು. ಚಿತ್ರಗಾರನ ಹೆಸರು ಮೊನೆ. ಊರು ಅರ್ಜಾಂತೈ. ಕೂತದ್ದು ದೋಣಿಯಲ್ಲಿ. ಇನ್ನು ಯಾಕೆ ಎಂಬ ಪ್ರಶ್ನೆಗೆ ಬರೋಣ.

ನೀರಿಗೆ ಸ್ವಂತ ಬಣ್ಣ ಎಷ್ಟು, ಎರವಲು ಬಣ್ಣ ಎಷ್ಟು? ಇದು ನೋಡುವವನು ಎಲ್ಲಿದ್ದಾನೆ ಎಂಬುದರ ಮೇಲೆ ನಿಂತಿದೆ. ತುಂಗಭದ್ರೆಯ ಸೇತುವೆ ಮೇಲೆ ನಿಂತು ಕೆಳಗೆ ಇಣುಕಿ ನೋಡಿ. ಮಳೆಗಾಲವಾದರೆ ಕೆಂಪು ನೀರು ಕಾಣುತ್ತದೆ. ಬೇಸಿಗೆಯಾದರೆ ತಳದ ಕಲ್ಲು, ಪಾಚಿ, ಮರಳು ಕಾಣುತ್ತವೆ. ಈಗ ಕೆಳಗಿಳಿದು ಹರಿಗೋಲಿನಲ್ಲಿ ಕೂತುಕೊಳ್ಳಿ. ಅದೇ ನೀರು, ಅದೇ ಹೊತ್ತು. ತಳ ಮಾಯವಾಗುತ್ತದೆ. ಎದುರಿಗೆ ಹರಡಿದ್ದೆಲ್ಲ ಆಕಾಶದ ಬಣ್ಣ.

ಇದಕ್ಕೆ ಭೌತಶಾಸ್ತ್ರದಲ್ಲಿ ಲೆಕ್ಕವಿದೆ. ಹತ್ತು ಮೀಟರು ಎತ್ತರದಲ್ಲಿ ನಿಂತು ಹತ್ತು ಮೀಟರು ಆಚೆಗಿನ ನಿಂತ ನೀರನ್ನು ನೋಡಿದರೆ, ಅದರ ಮೇಲೆ ಬೀಳುವ ಆಕಾಶದ ಬೆಳಕಿನಲ್ಲಿ ನೂರಕ್ಕೆ ಮೂರು ಪಾಲು ಮಾತ್ರ ಪುಟಿದು ನಮ್ಮ ಕಣ್ಣಿಗೆ ಬರುತ್ತದೆ. ಉಳಿದದ್ದು ನೀರಿನ ಒಳಗೆ ಹೋಗುತ್ತದೆ. ಅದೇ ಹತ್ತು ಮೀಟರು ಆಚೆಗಿನ ನೀರನ್ನು, ನೀರಿನಿಂದ ಒಂದೇ ಮೀಟರು ಮೇಲೆ ಕಣ್ಣಿಟ್ಟು ನೋಡಿ. ಆಗ ಅರ್ಧದಷ್ಟು ಬೆಳಕು ಪುಟಿದು ಬರುತ್ತದೆ. ಮೂರು ಪಾಲು ಎಲ್ಲಿ, ಐವತ್ತು ಪಾಲು ಎಲ್ಲಿ!

ಕೂತ ಜಾಗ ಬದಲಾದರೆ ಹೊಳೆಯೇ ಬದಲಾಗುತ್ತದೆ. ಮೊನೆ ಈ ಲೆಕ್ಕ ಮಾಡಿರಲಿಲ್ಲ, ಮಾಡುವ ಅಗತ್ಯವೂ ಇರಲಿಲ್ಲ. ಹೊಳೆಯ ಮೇಲಿನ ಬೆಳಕನ್ನೇ ಚಿತ್ರ ಬರೆಯಬೇಕು ಎಂದವನು ಆ ಬೆಳಕು ಅತಿ ಹೆಚ್ಚು ಸಿಗುವ ಎತ್ತರಕ್ಕೆ ಹೋಗಿ ಕೂತ. ಆ ಎತ್ತರ ಸಿಗುವುದು ದೋಣಿಯಲ್ಲಿ. ಕುಂಚ, ಬಣ್ಣಗಳ ಹಾಗೆ ಆ ದೋಣಿಯೂ ಆತನ ಕಸುಬಿನ ಒಂದು ಸಲಕರಣೆ.

ಇದು ಸೇನ್ ನದಿಯಲ್ಲಿ ಮಾತ್ರ ನಡೆಯುವ ವಿದ್ಯೆಯೇನಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯ ಹರಿಗೋಲನ್ನು ನೋಡಿ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿನ ದೋಣಿ, ಹೊರಗೆ ತೊಗಲಿನ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ ಎಂದು ವರ್ಣಿಸಿದ್ದಾನೆ. ಈಗ ತೊಗಲಿನ ಬದಲು ಪ್ಲಾಸ್ಟಿಕ್ಕು, ಡಾಂಬರು ಬಂದಿವೆ. ಬಿದಿರಿನ ಹೆಣಿಗೆ ಹಾಗೇ ಇದೆ. ಹರಿಗೋಲಿನ ತಳದಲ್ಲಿ ಕುಕ್ಕರುಗಾಲಿನಲ್ಲಿ ಕೂತವನ ಕಣ್ಣು ನೀರಿನಿಂದ ಎರಡು ಮೂರು ಅಡಿ ಮೇಲಿರುತ್ತದೆ. ಮೊನೆಯ ದೋಣಿಗಿಂತಲೂ ತಗ್ಗು.

ಹೀಗೆ ದೋಣಿಯ ಕಾರಣ ಗೊತ್ತಾಯಿತು. ತಗ್ಗಿನಲ್ಲಿ ಕೂತರೆ ಹೊಳೆಯ ತುಂಬ ಆಕಾಶ ಸಿಗುತ್ತದೆ. ಸಿಕ್ಕಿದ್ದನ್ನು ಕ್ಯಾನ್ವಾಸಿನ ಮೇಲೆ ಇಟ್ಟದ್ದು ಹೇಗೆ? ಅದಕ್ಕೆ ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ.

ಚಿತ್ರದ ಹೆಸರು ಅರ್ಜಾಂತೈಯ ದೋಣಿ ಪಂದ್ಯ. ಬರೆದದ್ದು 1872ರ ಸುಮಾರಿಗೆ. ದೊಡ್ಡ ಚಿತ್ರವೇನಲ್ಲ. ಎತ್ತರ ಒಂದೂವರೆ ಅಡಿ, ಅಗಲ ಎರಡೂವರೆ ಅಡಿ. ಮೇಲಿನ ಅರ್ಧದಲ್ಲಿ ತಿಳಿ ನೀಲಿ ಆಕಾಶ, ಕೆನೆ ಬಣ್ಣದ ಹಾಯಿಗಳು, ಹಸಿರು ದಂಡೆ, ಬಲಗಡೆ ಕೆಂಪು ಹೆಂಚಿನ ಮನೆ. ಕೆಳಗಿನ ಅರ್ಧದಲ್ಲಿ ಬರೀ ನೀರು. ಮೇಲೆ ಇದ್ದದ್ದೆಲ್ಲ ಕೆಳಗೆ ಪ್ರತಿಬಿಂಬವಾಗಿ ಬಿದ್ದಿದೆ.

ಆ ಪ್ರತಿಬಿಂಬವನ್ನು ಬರೆದ ಬಗೆ ಗಮನಿಸಬೇಕು. ಹಾಯಿಯ ಪ್ರತಿಬಿಂಬ ಎಂದು ಅಲ್ಲಿ ಇನ್ನೊಂದು ಹಾಯಿ ಇಲ್ಲ. ಅಗಲ ಕುಂಚದಿಂದ ಅಡ್ಡಡ್ಡ ಎಳೆದ ಕೆನೆ ಬಣ್ಣದ ತುಂಡುಗಳಿವೆ. ಒಂದು ತುಂಡು, ನಡುವೆ ನೀಲಿ, ಮತ್ತೊಂದು ತುಂಡು, ಮತ್ತೆ ನೀಲಿ. ಮನೆಯ ಪ್ರತಿಬಿಂಬವೂ ಹಾಗೇ. ಕೆಂಪು ತುಂಡು, ಹಸಿರು ತುಂಡು, ಅವುಗಳ ನಡುವೆ ನೀರು. ಮೂಗು ತಾಗುವಷ್ಟು ಹತ್ತಿರ ಹೋದರೆ ಬಣ್ಣದ ಗುರುತು ಬಿಟ್ಟು ಬೇರೆ ಏನೂ ಇಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ನೀರು ಅಲ್ಲಾಡುತ್ತದೆ.

ಅಲ್ಲಾಡುವುದಕ್ಕೆ ಕಾರಣವಿದೆ. ಹೊಳೆಯ ನೀರಿನ ಮೇಲೆ ಸಣ್ಣ ಸಣ್ಣ ತೆರೆಗಳಿರುತ್ತವೆ. ತೆರೆಯ ಒಂದು ಮೈ ನಮ್ಮ ಕಡೆ ತಿರುಗಿರುತ್ತದೆ. ಅದು ನೆತ್ತಿಯ ಮೇಲಿನ ಆಕಾಶವನ್ನೋ ನೀರಿನ ಸ್ವಂತ ಬಣ್ಣವನ್ನೋ ತೋರಿಸುತ್ತದೆ. ಮಟ್ಟಸವಾಗಿರುವ ಭಾಗ ಎದುರು ದಂಡೆಯ ಮನೆ, ಮರ, ಹಾಯಿ ತೋರಿಸುತ್ತದೆ. ಹಾಗಾಗಿ ಪ್ರತಿಬಿಂಬ ಇಡಿಯಾಗಿ ಬೀಳುವುದಿಲ್ಲ. ಅಡ್ಡಡ್ಡ ಸೀಳಿಕೊಂಡು, ನಮ್ಮ ಕಡೆಗೆ ಉದ್ದವಾಗಿ ಎಳೆದುಕೊಂಡು ಬೀಳುತ್ತದೆ. ಮೊನೆಯ ಒಂದೊಂದು ಗುರುತೂ ಒಂದೊಂದು ತೆರೆಯ ಮೈ.

ಈ ಗುರುತಿನ ವಿದ್ಯೆಯನ್ನು ಆತ ಇದಕ್ಕೂ ಮೂರು ವರ್ಷ ಮೊದಲೇ ರೂಢಿಸಿಕೊಂಡಿದ್ದ. 1869ರ ಬೇಸಿಗೆಯಲ್ಲಿ ಗೆಳೆಯ ರೆನ್ವಾನ ಜೊತೆ ಸೇನ್ ದಂಡೆಯ ಒಂದು ಈಜುವ ಜಾಗಕ್ಕೆ ಹೋಗಿದ್ದ. ಅಲ್ಲಿ ನೀರಿನ ಮೇಲೆ ತೇಲುವ ಹೋಟೆಲು, ಬಾಡಿಗೆ ದೋಣಿಗಳು, ನಡುವೆ ಒಂದೇ ಮರವಿದ್ದ ಪುಟ್ಟ ನಡುಗಡ್ಡೆ. ಇಬ್ಬರೂ ಅಕ್ಕಪಕ್ಕ ಕೂತು ಒಂದೇ ನೋಟ ಬರೆದರು. ರೆನ್ವಾನ ಕಣ್ಣು ಹೆಚ್ಚಾಗಿ ಜನರ ಬಟ್ಟೆಬರೆಯ ಮೇಲೆ. ಮೊನೆಯ ಕಣ್ಣು ಮುಂದಿನ ನೀರಿನ ಮೇಲೆ. ಕಪ್ಪು, ನೀಲಿ, ಬಿಳಿ ಪಟ್ಟಿಗಳನ್ನು ದಪ್ಪಗೆ ಬಳಿದು ತೆರೆ ಮಾಡಿದ. ಆಗಿನ ಒಂದು ಪತ್ರದಲ್ಲಿ ಅವನ್ನು ಕೆಟ್ಟ ಕರಡುಗಳು ಎಂದು ತಾನೇ ಹಳಿದುಕೊಂಡ. ಇವತ್ತು ಆತನ ಚಿತ್ರ ನ್ಯೂಯಾರ್ಕಿನಲ್ಲಿದೆ, ರೆನ್ವಾನದು ಸ್ಟಾಕ್‌ಹೋಮಿನಲ್ಲಿದೆ.

ದೋಣಿಯಲ್ಲಿ ಕೂತು ಬರೆಯಲು ಇನ್ನೊಂದು ಅನುಕೂಲ ಬೇಕಿತ್ತು. ಅದು ಬಣ್ಣದ ಟ್ಯೂಬು. ಮೊದಲೆಲ್ಲ ಚಿತ್ರಗಾರರು ಬಣ್ಣವನ್ನು ಎಣ್ಣೆಯಲ್ಲಿ ಅರೆದು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಚೀಲಕ್ಕೆ ಒಮ್ಮೆ ತೂತು ಬಿದ್ದರೆ ಬಣ್ಣ ಒಣಗುತ್ತಿತ್ತು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಗಾರ ತವರದ ಟ್ಯೂಬು ಕಂಡುಹಿಡಿದ. ಇವತ್ತಿನ ಟೂತ್‌ಪೇಸ್ಟಿನ ಟ್ಯೂಬಿನ ಹಿರಿಯಣ್ಣ ಅದು. ಬೇಕಾದಷ್ಟು ಹಿಂಡಿ, ಮುಚ್ಚಳ ತಿರುವಿ, ಜೇಬಿನಲ್ಲಿ ಹಾಕಿಕೊಂಡು ಹೋಗಬಹುದು. ಕೋಬಾಲ್ಟ್ ನೀಲಿ, ಕ್ರೋಮ್ ಹಳದಿ, ಹೊಸ ಹಸಿರು, ಎಲ್ಲವೂ ಹತ್ತೊಂಬತ್ತನೇ ಶತಮಾನದ ರಸಾಯನಶಾಸ್ತ್ರ ಕೊಟ್ಟ ಬಣ್ಣಗಳು. ಅಂಗಡಿಯಿಂದ ಟ್ಯೂಬು, ಟ್ಯೂಬಿನಿಂದ ಕ್ಯಾನ್ವಾಸು.

ಇಷ್ಟಕ್ಕೆ ಒಮ್ಮೆ ನಿಂತು ಹಿಂದಿನದನ್ನು ನೆನೆಯೋಣ. ಕೂತ ಜಾಗ ತಗ್ಗು. ಕುಂಚದ ಗುರುತು ಬಿಡಿಬಿಡಿ. ಬಣ್ಣ ಟ್ಯೂಬಿನದು. ಇನ್ನು ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬ ವಿಚಾರ.

ಇಲ್ಲಿ ಬ್ಯಾಡಗಿಯ ಮಾರುಕಟ್ಟೆ ನೆನಪಿಗೆ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದು ಖಾರಕ್ಕಿಂತ ಬಣ್ಣಕ್ಕೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಒಣಗಿದ ಕಾಯಿಯ ರಾಶಿಯನ್ನು ಬರೀ ಮಣ್ಣಿನ ಮೇಲೆ ನೋಡಿ. ಆಮೇಲೆ ಅದರ ಪಕ್ಕದಲ್ಲಿ ಬೇವಿನ ಹಸಿರು ಟೊಂಗೆ ಇಟ್ಟು ನೋಡಿ. ಕಾಯಿ ಅದೇ. ಆದರೆ ಕೆಂಪು ಏರುತ್ತದೆ.

ಇದನ್ನು ಶಾಸ್ತ್ರವಾಗಿ ಬರೆದವನು ಶೆವ್ರಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ. ಪ್ಯಾರಿಸಿನ ಗೊಬ್ಲಾ ಎಂಬ ಸರ್ಕಾರಿ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಮನೆಯ ಮುಖ್ಯಸ್ಥ. ಕಪ್ಪು ಉಣ್ಣೆಗೆ ಬಣ್ಣ ಸರಿಯಾಗಿ ಹಿಡಿದಿಲ್ಲ, ನೇಯ್ದ ಮೇಲೆ ಮಂಕಾಗಿ ಕಾಣುತ್ತದೆ ಎಂದು ದೂರು ಬಂತು. ಶೆವ್ರಲ್ ಪರೀಕ್ಷೆ ಮಾಡಿದ. ಬಣ್ಣದಲ್ಲಿ ತಪ್ಪಿರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ನೂಲು ಕಪ್ಪನ್ನು ಮಂಕು ಮಾಡುತ್ತಿದ್ದವು. 1839ರಲ್ಲಿ ಇದರ ಮೇಲೆ ದೊಡ್ಡ ಪುಸ್ತಕ ತಂದ. ಕೆಂಪಿನ ಪಕ್ಕ ಹಸಿರು, ಕಿತ್ತಳೆಯ ಪಕ್ಕ ನೀಲಿ, ಹಳದಿಯ ಪಕ್ಕ ನೇರಳೆ ಇದ್ದರೆ ಎರಡೂ ಒಂದನ್ನೊಂದು ಎತ್ತಿ ಹಿಡಿಯುತ್ತವೆ ಎಂದು ತೋರಿಸಿದ. ಆ ಕಾಲದ ಚಿತ್ರಗಾರರ ನಡುವೆ ಈ ವಿಚಾರ ಓಡಾಡುತ್ತಿತ್ತು.

ಮೊನೆಯ ಹೊಳೆಯಲ್ಲಿ ನೆರಳು ಕಪ್ಪಲ್ಲ, ನೀಲಿ. ನೋಡಿದ ಜನ ನಕ್ಕರು. ಆದರೆ ಬಿಸಿಲು ಬೀಳದ ಜಾಗಕ್ಕೆ ಬೆಳಕು ಕೊಡುವುದು ನೀಲಿ ಆಕಾಶ ತಾನೆ? ಸುತ್ತಲಿನ ಬಿಸಿಲು ಹಳದಿ ಕಿತ್ತಳೆಯಾದ್ದರಿಂದ ನೆರಳಿನ ನೀಲಿ ಇನ್ನಷ್ಟು ಎದ್ದು ಕಾಣುತ್ತದೆ. ಚಳಿಗಾಲದ ಬೆಳಗ್ಗೆ ಸುಣ್ಣ ಬಳಿದ ಗೋಡೆಯ ಮೇಲೆ ಬಿದ್ದ ಮರದ ನೆರಳನ್ನು ಒಮ್ಮೆ ದಿಟ್ಟಿಸಿ ನೋಡಿ.

ಜಾಗ, ಗುರುತು, ಬಣ್ಣ, ಮೂರೂ ಆಯಿತು. ಈಗ ಗುರುತು, ಬಣ್ಣ ಎರಡೂ ಕೂಡಿ ಬಂದ ಒಂದು ಚಿತ್ರಕ್ಕೆ ಹೋಗೋಣ. ಇದು ಹೊಳೆಯದಲ್ಲ, ಹೊಳೆ ಸಮುದ್ರ ಸೇರುವ ಜಾಗದ ಬಂದರಿನದು. ಸೇನ್ ನದಿ ಕಡಲಿಗೆ ಸೇರುವಲ್ಲಿ ಲೆ ಹಾವ್ರ್ ಎಂಬ ಬಂದರಿದೆ. ಮೊನೆ ಬೆಳೆದದ್ದೇ ಆ ಊರಿನಲ್ಲಿ. 1872 ಎಂದು ಚಿತ್ರದ ಮೇಲೆ ಬರೆದಿದ್ದಾನೆ. ಹೋಟೆಲಿನ ಕಿಟಕಿಯಿಂದ ಕಂಡ ನೋಟ.

ಮಂಜು ಮುಸುಕಿದ ಬೆಳಗು. ಎಲ್ಲ ಬೂದು, ನೀಲಿ. ಹಿಂದೆ ಹಡಗಿನ ಕಂಬಗಳು, ಚಿಮಣಿಗಳು, ಹೊಗೆ, ಎಲ್ಲ ಅಸ್ಪಷ್ಟ. ಮುಂದೆ ಪುಟ್ಟ ದೋಣಿಗಳು ಓರೆಯಾಗಿ ಒಂದರ ಹಿಂದೊಂದು. ಮುಂದಿನ ದೋಣಿಯಲ್ಲಿ ಇಬ್ಬರು, ಒಬ್ಬ ನಿಂತಿದ್ದಾನೆ. ಮೇಲೆ ಕಿತ್ತಳೆ ಬಣ್ಣದ ದುಂಡು ಸೂರ್ಯ. ಕೆಳಗೆ ನೀರಿನಲ್ಲಿ ಕಿತ್ತಳೆಯ ಕೆಲವೇ ಕೆಲವು ಗುರುತುಗಳು.

ಆ ಸೂರ್ಯನದೊಂದು ಸೋಜಿಗವಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಅದನ್ನು ತೋರಿಸಿಕೊಟ್ಟರು. ಚಿತ್ರದ ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿ ನೋಡಿದರೆ ಸೂರ್ಯ ಹೆಚ್ಚುಕಡಿಮೆ ಮಾಯ! ಸುತ್ತಲಿನ ಮೋಡಕ್ಕೂ ಸೂರ್ಯನಿಗೂ ಹೊಳಪು ಒಂದೇ. ಮೊನೆ ಸೂರ್ಯನನ್ನು ಹೆಚ್ಚು ಬೆಳ್ಳಗೆ ಮಾಡಲು ಹೋಗಲಿಲ್ಲ. ಬೂದು ನೀಲಿಯ ನಡುವೆ ಕಿತ್ತಳೆ ಇಟ್ಟು ಸುಮ್ಮನಾದ. ನಮ್ಮ ಕಣ್ಣು ಬಣ್ಣವನ್ನೂ ಹೊಳಪನ್ನೂ ಬೇರೆ ಬೇರೆಯಾಗಿ ಗ್ರಹಿಸುತ್ತದೆ. ಬಣ್ಣ ಇದೆ ಎನ್ನುತ್ತದೆ, ಹೊಳಪು ಇಲ್ಲ ಎನ್ನುತ್ತದೆ. ಆ ತಿಕ್ಕಾಟದಲ್ಲಿ ಸೂರ್ಯ ಮಿಡಿಯುವ ಹಾಗೆ ಕಾಣುತ್ತಾನೆ. ಮೊಬೈಲಿನಲ್ಲಿ ಈ ಚಿತ್ರ ಹುಡುಕಿ, ಕಪ್ಪು ಬಿಳುಪಿಗೆ ತಿರುಗಿಸಿ, ಮನೆಯ ಮಕ್ಕಳಿಗೆ ತೋರಿಸಬಹುದು.

1874ರ ಏಪ್ರಿಲ್ 15ರಂದು ಪ್ಯಾರಿಸಿನಲ್ಲಿ ಮೊನೆ ಮತ್ತು ಗೆಳೆಯರು ತಾವೇ ಒಂದು ಪ್ರದರ್ಶನ ಏರ್ಪಡಿಸಿದರು. ಸರ್ಕಾರಿ ಪ್ರದರ್ಶನದ ಹಂಗು ಬೇಡ ಎಂದು ಹೊರಬಂದವರು. ನಾದಾರ್ ಎಂಬ ಫೋಟೋಗ್ರಾಫರನ ಹಳೆಯ ಸ್ಟುಡಿಯೋ ಸಿಕ್ಕಿತು. ಸುಮಾರು ಮೂವತ್ತು ಚಿತ್ರಗಾರರು, ನೂರ ಅರವತ್ತರ ಮೇಲೆ ಕೃತಿಗಳು, ಒಂದು ತಿಂಗಳು. ನೋಡಲು ಬಂದವರು ಮೂರೂವರೆ ಸಾವಿರ. ಬಂದರಿನ ಸೂರ್ಯೋದಯದ ಚಿತ್ರಕ್ಕೆ ಮೊನೆ ಇಂಪ್ರೆಷನ್ ಎಂಬ ಹೆಸರು ಕೊಟ್ಟಿದ್ದ. ಲೂಯಿ ಲೆರ್ವಾ ಎಂಬ ಪತ್ರಕರ್ತ ಅದನ್ನೇ ಹಿಡಿದು ಗೇಲಿಯ ಲೇಖನ ಬರೆದ. ಗೇಲಿಯ ಹೆಸರೇ ಗುಂಪಿನ ಹೆಸರಾಗಿ ಉಳಿಯಿತು.

ಹೆಸರು ಉಳಿಯಿತು, ಹಣ ಬರಲಿಲ್ಲ. ಆ ಚಿತ್ರವನ್ನು ಒಬ್ಬ ವ್ಯಾಪಾರಿ 800 ಫ್ರಾಂಕಿಗೆ ಕೊಂಡ. ನಾಲ್ಕು ವರ್ಷದಲ್ಲಿ ಅವನು ದಿವಾಳಿಯೆದ್ದ. ಹರಾಜಿನಲ್ಲಿ ಚಿತ್ರಕ್ಕೆ ಸಿಕ್ಕದ್ದು 200 ಫ್ರಾಂಕಿನ ಆಚೀಚೆ. ಮೊನೆ ಸಾಲದಲ್ಲಿ ಅರ್ಜಾಂತೈ ಬಿಟ್ಟ. ಮರುವರ್ಷ, 1879ರಲ್ಲಿ, ಹೆಂಡತಿ ಕಾಮಿಲ್ ತೀರಿಕೊಂಡಳು. ದೋಣಿಯ ಬಾಗಿಲಲ್ಲಿ ಕೂತಿದ್ದಳಲ್ಲ, ಆಕೆ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ತಗ್ಗಿನಲ್ಲಿ ಕೂತರೆ ಆಕಾಶ ಕಾಣುತ್ತದೆ, ತಳ ಕಾಣುವುದಿಲ್ಲ ಎಂದೆವು. ತಳದ ಜೊತೆಗೆ ಕೊಳೆಯೂ ಕಾಣುವುದಿಲ್ಲ. 1870ರ ದಶಕದಲ್ಲಿ ಪ್ಯಾರಿಸಿನ ಚರಂಡಿ ನೀರಿನ ಬಹುಪಾಲು ಅರ್ಜಾಂತೈಗಿಂತ ಮೇಲೆ, ಕ್ಲಿಶಿ ಎಂಬಲ್ಲಿ, ಸೇನ್ ನದಿಗೆ ಬೀಳುತ್ತಿತ್ತು. ಅರ್ಜಾಂತೈಯ ಹೊಳೆ ನಾರುತ್ತಿತ್ತು. ಮೊನೆಯ ನೀಲಿ ಹೊಳೆಯಲ್ಲಿ ಅದರ ಸುಳಿವೂ ಇಲ್ಲ. ಚಿಮಣಿಗಳನ್ನು ಕೆಲವು ಚಿತ್ರಗಳಲ್ಲಿ ಬರೆದಿದ್ದಾನೆ, ಚರಂಡಿಯನ್ನು ಬರೆದಿಲ್ಲ. ಬೆಳಕು ತೋರಿಸುವ ಜಾಗವೇ ಕೊಳೆ ಮುಚ್ಚುವ ಜಾಗವೂ ಆಗಿತ್ತು. ತುಂಗಭದ್ರೆಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1980ರ ದಶಕದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗಳಲ್ಲಿ ಕಾರ್ಖಾನೆಯ ನೀರಿನ ವಿರುದ್ಧ ಹೋರಾಟ ನಡೆದಾಗ, ಮೊದಲು ದನಿ ಎತ್ತಿದವರಲ್ಲಿ ಮೀನುಗಾರರಿದ್ದರು. ನೀರಿನ ಮೇಲೂ ಒಳಗೂ ನೋಡುವ ಕಸುಬು ಅವರದು.

ಈಗ ಕೊನೆಯ ಭಾಗಕ್ಕೆ ಬರುತ್ತಿದ್ದೇವೆ. ದೋಣಿಯ ತಗ್ಗು ಜಾಗದಿಂದ ಹೊರಟೆವು, ಬಿಡಿ ಗುರುತು, ಎದುರು ಬಣ್ಣ ನೋಡಿದೆವು, ಮಿಡಿಯುವ ಸೂರ್ಯನನ್ನು ನೋಡಿದೆವು, ಅದೇ ಜಾಗ ಬಚ್ಚಿಟ್ಟದ್ದನ್ನೂ ನೋಡಿದೆವು. ಮೊನೆ ದೋಣಿ ಬಿಟ್ಟನೆ? ಬಿಡಲಿಲ್ಲ.

1883ರಲ್ಲಿ ಜಿವರ್ನಿ ಎಂಬ ಹಳ್ಳಿಗೆ ಹೋಗಿ ನೆಲೆಸಿದ. ಅಲ್ಲಿ ಎಪ್ತ್ ಎಂಬ ಸಣ್ಣ ಹೊಳೆ ಸೇನ್ ನದಿಯನ್ನು ಸೇರುತ್ತದೆ. 1896 ಮತ್ತು 1897ರಲ್ಲಿ ಆ ಸಂಗಮದ ಹತ್ತಿರ ಚಪ್ಪಟೆ ತಳದ ದೋಣಿ ನಿಲ್ಲಿಸಿಕೊಂಡು ಒಂದೇ ನೋಟವನ್ನು ಇಪ್ಪತ್ತರ ಆಸುಪಾಸು ಸಲ ಬರೆದ. ವಯಸ್ಸು ಐವತ್ತೈದು ದಾಟಿತ್ತು. ಬೆಳಗಿನ ಮೂರೂವರೆಗೆ ಏಳುತ್ತಿದ್ದ. ಹದಿನಾಲ್ಕು ಕ್ಯಾನ್ವಾಸುಗಳ ಕೆಲಸ ಒಟ್ಟೊಟ್ಟಿಗೆ ನಡೆಯುತ್ತಿತ್ತು. ಬೆಳಕು ಬದಲಾದ ಕೂಡಲೇ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಬೇಕು. ಮರುದಿನ ಅದೇ ಹೊತ್ತಿಗೆ ಅದೇ ಕ್ಯಾನ್ವಾಸು. ಮಳೆ ಬಂದರೆ ಆ ದಿನ ಹಾಳು. 1896ರಲ್ಲಿ ಮಳೆಯೇ ಮಳೆ, ಕೆಲಸ ಮರುವರ್ಷಕ್ಕೆ ಹೋಯಿತು. ಬಯಲಿನಲ್ಲಿ ಹಿಡಿದದ್ದನ್ನು ಮನೆಯ ಚಿತ್ರಶಾಲೆಯಲ್ಲಿ ತಿದ್ದುವ ರೂಢಿಯೂ ಆತನಿಗಿತ್ತು. ಈ ಚಿತ್ರಗಳಲ್ಲಿ ಮರ ಎಷ್ಟಿದೆಯೋ ಪ್ರತಿಬಿಂಬವೂ ಹೆಚ್ಚುಕಡಿಮೆ ಅಷ್ಟೇ ಇದೆ. ಕೆಲವನ್ನು ತಲೆಕೆಳಗು ಮಾಡಿದರೂ ಒಂದು ಕ್ಷಣ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಹೀಗೆ ಜಾಗ ಹಿಡಿದು ಕೂತವರು ಇದ್ದರು. ಮೈಸೂರು ಸೀಮೆಯ ಕೆ. ವೆಂಕಟಪ್ಪನವರು 1920ರ ದಶಕದಲ್ಲಿ ಊಟಿಯ ಬೆಟ್ಟಗಳನ್ನು ಬೇರೆ ಬೇರೆ ಹೊತ್ತಿನ ಬೆಳಕಿನಲ್ಲಿ, ಮಂಜಿನಲ್ಲಿ ಜಲವರ್ಣದಲ್ಲಿ ಬರೆದರು. ಅವರ ಗುರುಗಳು ಕಲ್ಕತ್ತದ ಅವನೀಂದ್ರನಾಥ ಟಾಗೋರರು, ಕುಂಚದ ಮನೆತನವೇ ಬೇರೆ. ಆದರೆ ಬೆಳಕಿಗಾಗಿ ಕಾಯುವ ತಾಳ್ಮೆ ಮೊನೆಯದಕ್ಕಿಂತ ಕಡಿಮೆಯದಲ್ಲ. ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯನವರು ಸ್ವಾತಂತ್ರ್ಯ ಹೋರಾಟ, ರಾಜಕಾರಣ ಮುಗಿಸಿ ಬೆಂಗಳೂರಿನ ಹೂಮರಗಳ ಎದುರು ಸ್ಟ್ಯಾಂಡು ಹೂಡಿದರು. ಬಿಡಿ ಗುರುತುಗಳಲ್ಲಿ ಬಣ್ಣದ ಮೇಲೆ ಬಣ್ಣ ಇಡುವ ಅವರ ಕೈಗೆ ಫ್ರಾನ್ಸಿನ ಆ ಗುಂಪಿನ ಸಂಬಂಧ ಸ್ಪಷ್ಟವಾಗಿದೆ.

ಹಾವೇರಿ ಜಿಲ್ಲೆಗೆ ಒಂದು ಭಾಗ್ಯವಿದೆ. ಜಿಲ್ಲೆ ಇರುವುದು ತುಂಗಭದ್ರೆಯ ಪಶ್ಚಿಮಕ್ಕೆ. ನಮ್ಮ ದಂಡೆಯಲ್ಲಿ ನಿಂತರೆ ಬಹಳ ಕಡೆ ಸೂರ್ಯ ಹುಟ್ಟುವುದು ನೀರಿನ ಆಚೆಗೆ. ಚೌಡದಾನಪುರದ ಮುಕ್ತೇಶ್ವರ ಗುಡಿಯ ಹತ್ತಿರ, ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯನ ಹೆಸರು ಹೊತ್ತ ದಂಡೆಯಲ್ಲಿ, ಇದನ್ನು ನೋಡಬಹುದು. ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಸೇರುತ್ತಾಳೆ. ಮೊನೆ ಕಾದು ಕೂತದ್ದೂ ಇಂಥದೇ ಒಂದು ಸಂಗಮದಲ್ಲಿ.

ನೀರಿನ ಮೇಲೆ ಸೂರ್ಯನ ಕೆಳಗೆ ಒಂದು ಉದ್ದನೆಯ ಬೆಳಕಿನ ಹಾದಿ ಕಾಣುತ್ತದಲ್ಲ, ಅದರ ಗುಟ್ಟು ತಿಳಿದು ಮುಗಿಸೋಣ. ಸಾವಿರಾರು ಸಣ್ಣ ತೆರೆಗಳಲ್ಲಿ ಸೂರ್ಯನನ್ನು ನಿಮ್ಮ ಕಣ್ಣಿಗೇ ತಿರುಗಿಸುವ ಓರೆ ಇರುವ ತೆರೆಗಳು ಮಾತ್ರ ಮಿಂಚುತ್ತವೆ. ಪಕ್ಕದಲ್ಲಿ ನಿಂತವರಿಗೆ ಬೇರೆ ತೆರೆಗಳು ಮಿಂಚುತ್ತವೆ. ಹಾಗಾಗಿ ಒಬ್ಬೊಬ್ಬರಿಗೂ ಅವರದೇ ಹಾದಿ. ಇಬ್ಬರು ನೂರು ಹೆಜ್ಜೆ ದೂರ ನಿಂತು, ಎದುರು ದಂಡೆಯ ಯಾವ ಗುರುತಿನ ಕೆಳಗೆ ಹಾದಿ ಬಿದ್ದಿದೆ ಎಂದು ಕೂಗಿ ಹೇಳಿಕೊಂಡರೆ ಉತ್ತರ ಬೇರೆ ಬೇರೆ ಬರುತ್ತದೆ.

ಚಿತ್ರಕಲೆಯ ಮೇಷ್ಟ್ರುಗಳಿಗೆ ಒಂದು ಸಲಹೆ. ನೀರು ಇಳಿದ ಕಾಲದಲ್ಲಿ, ನುರಿತ ಅಂಬಿಗರು ಜೊತೆಗಿರುವಾಗ, ಮಕ್ಕಳನ್ನು ಹೊಳೆಗೆ ಕರೆದುಕೊಂಡು ಹೋಗಿ. ಒಂದೇ ಬೆಳಗ್ಗೆ ಮೂರು ಹಾಳೆ ಬರೆಸಿ. ಒಂದು ಸೇತುವೆ ಮೇಲಿಂದ, ಒಂದು ದಂಡೆಯಿಂದ, ಒಂದು ಹರಿಗೋಲಿನಿಂದ. ಹೊಳೆ ದೂರವಾದರೆ ಕಾಗಿನೆಲೆಯ ಕೆರೆ, ಹಾವೇರಿಯ ಹೆಗ್ಗೇರಿ ಕೆರೆಯೂ ಆದೀತು. ಏರಿಯ ಮೇಲೊಂದು ಹಾಳೆ, ನೀರಿನ ಅಂಚಿನಲ್ಲಿ ಕೂತು ಇನ್ನೊಂದು. ನೀರಿಗೆ ಯಾವ ಬಣ್ಣ ಎಂದು ಮೊದಲೇ ಹೇಳಿಕೊಡಬೇಡಿ. ಹಾಳೆಯ ಹಿಂದೆ ತಿಂಗಳು, ಹೊತ್ತು, ಕೂತ ಜಾಗ ಬರೆಸಿಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಬರೆಸಿದರೆ ವರ್ಷದ ಕೊನೆಗೆ ಶಾಲೆಯ ಗೋಡೆಗೆ ಒಂದು ಪ್ರದರ್ಶನಕ್ಕಾಗುವಷ್ಟು ಹಾಳೆಗಳಾಗುತ್ತವೆ.